ಕ್ಯಾಂಪಿನ ಚರ್ಚು, ಕನ್ನಡದ ಪ್ರಾರ್ಥನೆ

ಬೈಲಹೊಂಗಲಕ್ಕೆ ಹೋದ್ರೆ ಚೆನ್ನಮ್ಮನ ಸಮಾಧಿ ಮುಂದೆ ಒಂದು ಫೋಟೋ ಎಲ್ಲರೂ ತೆಗಿಸ್ಕೋತೀವಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಹೋಯ್ತು. ರಾಣಿ ಬೈಲಹೊಂಗಲದ ಸೆರೆಯಲ್ಲಿದ್ದು 1829ರ ಫೆಬ್ರುವರಿ 2ರಂದು ತೀರಿಕೊಂಡರು. ಇಷ್ಟು ನಿಮಗೆ ಗೊತ್ತೇ ಇದೆ. ಈಗ ಒಂದು ಪ್ರಶ್ನೆ, ಸಿಟ್ಟಾಗಬೇಡ್ರಿ: ಅದೇ ಇಂಗ್ಲಿಷರ ಆಂಗ್ಲಿಕನ್ ಪ್ರಾರ್ಥನೆಯಲ್ಲಿ ನಮ್ಮ ಸೀಮೆಯ ಕೆಲವರಿಗೆ ಮನಸ್ಸಿನ ಮನೆ ಹೇಗೆ ಸಿಕ್ಕಿತು?

ಬೆಳಗಾವಿ ಕ್ಯಾಂಪಿನ ಸೇಂಟ್ ಮೇರೀಸ್ ಚರ್ಚ್ ನೋಡಿದೀರಲ್ಲ? 1869ರದು. ಅದು ದಂಡಿನವರ ಚರ್ಚು, ಪ್ರಾರ್ಥನೆ ಇಂಗ್ಲಿಷಿನಲ್ಲಿ. ಕನ್ನಡದ ಜನರ ನಡುವೆ ಓಡಾಡಿದವರು ಬೇರೆ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲೇ ಬೆಳಗಾವಿಗೆ ಬಂದಿದ್ರು. 1904ರಲ್ಲಿ ಆ ಕೆಲಸ ಅಮೆರಿಕದ ಮೆಥೊಡಿಸ್ಟರ ಕೈಗೆ ಹೋಯ್ತು. ಮೆಥೊಡಿಸ್ಟರು ಅಂದ್ರೆ ಆಂಗ್ಲಿಕನ್ ಮನೆಯಿಂದ ಬೇರೆಯಾದ ತಮ್ಮಂದಿರು ಅನ್ನಿ. ಅವರ ಮೂಲಪುರುಷ ಜಾನ್ ವೆಸ್ಲಿ ಸಾಯೋತನಕ ಆಂಗ್ಲಿಕನ್ ಪಾದ್ರಿಯೇ. 1784ರಲ್ಲಿ ಅಮೆರಿಕದವರಿಗೆ ಹಳೆ ಪ್ರಾರ್ಥನಾ ಪುಸ್ತಕವನ್ನೇ ಚಿಕ್ಕದು ಮಾಡಿ ಕಳಿಸಿದ್ರು. ನೋಡ್ರಿ ತಮಾಷೆ: ದಂಡಿನ ಜೊತೆ ನೇರ ಬಂದ ಪ್ರಾರ್ಥನೆ ಕ್ಯಾಂಪಿನಲ್ಲೇ ನಿಂತಿತು, ಅಮೆರಿಕ ಸುತ್ತಿ ಬಂದದ್ದು ಹಳ್ಳಿ ಮುಟ್ಟಿತು.

ಆ ಪುಸ್ತಕ ಹುಟ್ಟಿದ್ದು 1549ರಲ್ಲಿ. ಥಾಮಸ್ ಕ್ರಾನ್ಮರ್ ಲ್ಯಾಟಿನ್ ಬಿಟ್ಟು ಜನರ ಮಾತಿಗೆ ಪ್ರಾರ್ಥನೆ ತಂದರು. ಆಂಗ್ಲಿಕನ್ನರ 39 ವಿಧಿಗಳಲ್ಲಿ 24ನೆಯದು ಇದನ್ನೇ ಹೇಳ್ತದೆ: ಜನರಿಗೆ ತಿಳಿಯದ ಭಾಷೆಯಲ್ಲಿ ಆರಾಧನೆ ನಡೆಸಬಾರದು. ಅಂದ್ಮೇಲೆ ಕನ್ನಡದಲ್ಲಿ ಪ್ರಾರ್ಥಿಸೋದು ಯಾರೋ ಕೊಟ್ಟ ರಿಯಾಯಿತಿ ಅಲ್ಲ, ಅವರದೇ ಕಾಯ್ದೆ.

ಇನ್ನು ನಡೆಸೋ ರೀತಿ. ಪಾದ್ರಿ ಒಂದು ಸಾಲು, ಸಭೆ ಒಂದು ಸಾಲು. ಓದು ಬಾರದ ಅಜ್ಜಿಗೂ ವಾರ ವಾರ ಕೇಳಿ ಬಾಯಿಪಾಠ. ಸವದತ್ತಿ ಗುಡ್ಡದಲ್ಲಿ ಒಬ್ಬರು ಕೂಗಿದ್ರೆ ಜಾತ್ರೆಯೇ ‘ಉಧೋ ಉಧೋ’ ಅಂತದೆ. ರಾಮದುರ್ಗದ ಕಡೆ ಭಜನೆಯಲ್ಲಿ ಒಬ್ಬ ಎತ್ತಿದ ಸೊಲ್ಲು ಉಳಿದವರು ಹಿಡೀತಾರೆ. ನಮ್ಮ ಕಿವಿಗೆ ಇದು ಪರಕೀಯ ಅನ್ನಿಸಲಿಕ್ಕೆ ಕಾರಣವೇ ಇಲ್ಲ ಅಂತ ನನ್ನ ಅಭಿಪ್ರಾಯ.

ಆದ್ರೆ ಮನೆ ಅನ್ನಿಸಿದ್ದು ಬರೀ ಮಾತಿನಿಂದಲ್ಲ. ಊರ ಬಾವಿ ಮುಟ್ಟಗೊಡದ ಕೇರಿಗಳಿಂದ ಬಂದವರು ಚರ್ಚಿನಲ್ಲಿ ಬಹಳ ಇದ್ದರು. ಆಂಗ್ಲಿಕನ್ ಪದ್ಧತಿಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಮೊಣಕಾಲೂರಬೇಕು, ಒಂದೇ ಬಟ್ಟಲಿನಿಂದ ಕುಡೀಬೇಕು. ನಿನ್ನ ನಂತರ ಅದೇ ಬಟ್ಟಲಿಗೆ ಇನ್ನೊಬ್ಬರ ತುಟಿ! ಇದರಿಂದ ಚರ್ಚಿನೊಳಗೆ ಜಾತಿ ಸತ್ತೇ ಹೋಯ್ತು ಅಂದ್ರೆ ಸುಳ್ಳಾಗ್ತದೆ. ಆದರೂ ಆ ಬಟ್ಟಲು ಸಣ್ಣ ವಿಷಯ ಅಲ್ಲ.

ಸ್ವಾತಂತ್ರ್ಯ ಬಂದು ಒಂದೂವರೆ ತಿಂಗಳಿಗೆ, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ ಆಂಗ್ಲಿಕನ್ನರೂ ಬೇರೆ ಕೆಲವು ಸಭೆಗಳೂ ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಆಯ್ತು. ನಮ್ಮ ಕಡೆಯ ಅಮೆರಿಕನ್ ಮೆಥೊಡಿಸ್ಟರು ಸೇರಲಿಲ್ಲ. ಕ್ಯಾಂಪಿನ ಸೇಂಟ್ ಮೇರೀಸ್ ಈಗ ಈ ಸಿಎಸ್‌ಐ ಸಭೆಯದೇ. 1950ರಲ್ಲಿ ಸಿಎಸ್‌ಐ ಹೊಸ ಆರಾಧನಾ ಕ್ರಮ ತಂದಿತು. ಹಳೆ ಆಂಗ್ಲಿಕನ್ ಸಾಲುಗಳ ಜೊತೆ ಕೇರಳದ ಸಿರಿಯನ್ ಕ್ರೈಸ್ತರ ಒಂದು ಪದ್ಧತಿಯೂ ಒಳಗೆ ಬಂತು: ಪಾದ್ರಿಯ ಕೈಯಿಂದ ಶುರುವಾಗಿ, ಒಬ್ಬರ ಕೈಯನ್ನು ಇನ್ನೊಬ್ಬರು ಎರಡೂ ಅಂಗೈ ನಡುವೆ ಹಿಡಿದು, ಸಮಾಧಾನದ ವಂದನೆಯನ್ನು ಕೊನೆಯ ಸಾಲಿನತನಕ ದಾಟಿಸೋದು.

ಮುಂದೆ ಇಂಗ್ಲೆಂಡಿನ ಚರ್ಚುಗಳು ತಮ್ಮ ಆರಾಧನೆ ತಿದ್ದುವಾಗ ಎದುರಿಗೆ ಇಟ್ಟುಕೊಂಡ ಮಾದರಿಗಳಲ್ಲಿ ಈ ಸಿಎಸ್‌ಐ ಕ್ರಮವೂ ಒಂದು.