ಲೋಹದ ಮೇಲ್ಮೈಯಲ್ಲಿ ಶಾಖದಿಂದ ಅಣುಜಾಲಗಳ ರಚನೆ

ಒಂದೇ ಅಣುವಿನಷ್ಟು ದಪ್ಪದ ಸಾವಯವ ಪದರವನ್ನು ಲೋಹದ ಸ್ಫಟಿಕದ ಮೇಲೆಯೇ ಕಟ್ಟುವ ವಿಧಾನಕ್ಕೆ ಮೇಲ್ಮೈ ಸಂಶ್ಲೇಷಣೆ ಎಂದು ಹೆಸರು. ಇದರಲ್ಲಿ ದ್ರಾವಕಕ್ಕೆ ಸಾಮಾನ್ಯವಾಗಿ ಜಾಗವಿಲ್ಲ. ಸುಮಾರು 10⁻¹⁰ ಮಿಲಿಬಾರ್ ಒತ್ತಡದ ನಿರ್ವಾತ ಕೋಣೆಯಲ್ಲಿ ಚಿನ್ನ, ಬೆಳ್ಳಿ ಅಥವಾ ತಾಮ್ರದ ಶುಚಿಯಾದ ಸ್ಫಟಿಕವನ್ನಿರಿಸಿ, ಪುಡಿಯ ರೂಪದ ಅಣುಗಳನ್ನು ಕಾಯಿಸಿ ಆವಿಯಾಗಿ ಅದರ ಮೇಲೆ ಕೂರಿಸಲಾಗುತ್ತದೆ. ಆಮೇಲೆ ಸ್ಫಟಿಕವನ್ನು ಬಿಸಿಮಾಡಿದರೆ ಅಣುಗಳು ಒಂದಕ್ಕೊಂದು ಸಹವೇಲೆನ್ಸೀಯ ಬಂಧದಿಂದ ಬೆಸೆದುಕೊಳ್ಳುತ್ತವೆ. ಹೈಡ್ರೋಜನ್ ಬಂಧದಿಂದ ಹೆಣೆದ ಅಣುಪದರಗಳು ಇದಕ್ಕೂ ಮೊದಲೇ ಪರಿಚಿತವಾಗಿದ್ದವು. ಆದರೆ ಅವು ಹೆಚ್ಚು ಕಾವು ತಡೆಯುವುದಿಲ್ಲ, ಎಲೆಕ್ಟ್ರಾನುಗಳು ಅಣುವಿನಿಂದ ಅಣುವಿಗೆ ಸಾಗಲು ಒಳ್ಳೆಯ ದಾರಿಯೂ ಅಲ್ಲ.

ಈ ವಿಧಾನದ ಬೇರು ಹಳೆಯದು. ತಾಮ್ರದ ಸನ್ನಿಧಿಯಲ್ಲಿ ಹ್ಯಾಲೊಜನ್ ಕಳೆದುಕೊಂಡ ಎರಡು ಬೆಂಜೀನ್ ಉಂಗುರಗಳು ಕೂಡಿಕೊಳ್ಳುತ್ತವೆ ಎಂದು ಫ್ರಿಟ್ಸ್ ಉಲ್‌ಮನ್ 1901ರಲ್ಲೇ ತೋರಿಸಿದ್ದ. ಅದೇ ಕ್ರಿಯೆಯನ್ನು ಚಿನ್ನದ ಮೇಲೆ ಬಯಸಿದ ಆಕಾರಕ್ಕೆ ತಂದದ್ದು 2007ರಲ್ಲಿ, ಲಿಯೊನ್‌ಹಾರ್ಡ್ ಗ್ರಿಲ್ ಮತ್ತು ಸ್ಟೆಫಾನ್ ಹೆಕ್ಟ್ ಅವರ ಬರ್ಲಿನ್ ತಂಡಗಳು. ಅವರು ಆರಿಸಿದ್ದು ಪಾರ್ಫಿರಿನ್ ಅಣು: ನಡುವೆ ಚೌಕಾಕಾರದ ತಿರುಳು, ನಾಲ್ಕು ಕಡೆ ಫೀನೈಲ್ ತೋಳುಗಳು. ಒಂದು ತೋಳಿನ ತುದಿಯಲ್ಲಷ್ಟೇ ಬ್ರೋಮಿನ್ ಇದ್ದರೆ ಜೋಡಿ, ಎದುರುಬದುರಿನ ಎರಡು ತೋಳುಗಳಲ್ಲಿದ್ದರೆ ಸರಪಳಿ, ನಾಲ್ಕರಲ್ಲೂ ಇದ್ದರೆ ಚೌಕಳಿ ಜಾಲ ಸಿದ್ಧವಾಯಿತು. ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕದ ತಿರುಳುಗಳ ಅಂತರ ಸುಮಾರು 1.7 ನ್ಯಾನೋಮೀಟರ್ ಎಂದು ಕಂಡಿತು. ನಡುವೆ ಇಂಗಾಲ–ಇಂಗಾಲ ಬಂಧವಿದ್ದರೆ ಇರಬೇಕಾದ ಅಂತರವೂ ಅದೇ. ಜಾಲದ ನಕ್ಷೆ ಅಣುವಿನಲ್ಲೇ ಅಡಗಿರುತ್ತದೆ. ಶಾಖ ಅದನ್ನು ಜಾರಿಗೆ ತರುತ್ತದೆ, ಅಷ್ಟೆ.

ತಳದ ಲೋಹ ಬರಿಯ ಹಲಗೆಯಲ್ಲ. ಹ್ಯಾಲೊಜನ್ ಬಂಧ ಮುರಿಯಲು ಬೇಕಾದ ಶಕ್ತಿಯನ್ನು ಅದು ತಗ್ಗಿಸುತ್ತದೆ, ಮುರಿದ ತುದಿಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ತಾಮ್ರದ ಮೇಲೆ ಕೋಣೆಯ ಉಷ್ಣಾಂಶದಲ್ಲೇ ಕಳಚುವ ಬ್ರೋಮಿನ್‌ಗೆ ಚಿನ್ನದ ಮೇಲೆ ಸಾಕಷ್ಟು ಕಾವು ಬೇಕು. ತಾಮ್ರ ಮತ್ತು ಬೆಳ್ಳಿಯ ಮೇಲೆ ಅನೇಕ ಬಾರಿ ಲೋಹದ ಒಂದು ಪರಮಾಣು ಎರಡು ಅಣುಗಳ ನಡುವೆ ಕೊಂಡಿಯಾಗಿ ಸೇರಿಕೊಳ್ಳುತ್ತದೆ. ಇನ್ನಷ್ಟು ಬಿಸಿಯಾದಾಗ ಅದು ಜಾರಿಹೋಗಿ ಇಂಗಾಲ–ಇಂಗಾಲ ಬಂಧಕ್ಕೆ ಎಡೆಯಾಗುತ್ತದೆ. ಹಾಗಾದರೆ ಚುರುಕಾದ ತಾಮ್ರವೇ ಮೇಲಲ್ಲವೇ? 2010ರಲ್ಲಿ ಪ್ರಕಟವಾದ ಹೋಲಿಕೆಯೊಂದು ಇದಕ್ಕೆ ಉತ್ತರ ಕೊಟ್ಟಿತು. ಆರು ಅಯೋಡಿನ್ ಹೊತ್ತ ಉಂಗುರಾಕಾರದ ಒಂದೇ ಅಣುವನ್ನು ಮೂರು ಲೋಹಗಳ ಮೇಲೂ ಇರಿಸಿದಾಗ ತಾಮ್ರದ ಮೇಲೆ ಕವಲೊಡೆದ ಎಳೆಗಳು ಬೆಳೆದವು, ಬೆಳ್ಳಿಯ ಮೇಲೆ ಒತ್ತಾದ ಜಾಲ ಹರಡಿತು, ಚಿನ್ನ ನಡುವೆ ನಿಂತಿತು. ತಾಮ್ರದ ಮೇಲೆ ಅಣು ತಾಗಿದ ಕಡೆಯೇ ಅಂಟಿಕೊಳ್ಳುತ್ತದೆ. ಬೆಳ್ಳಿಯ ಮೇಲೆ ಸರಿಯಾದ ಎಡೆ ಸಿಗುವವರೆಗೆ ಅಲೆದಾಡಲು ಅದಕ್ಕೆ ಬಿಡುವಿದೆ. ಹೀಗಾಗಿ ಎಷ್ಟು ಡಿಗ್ರಿ ಕಾಯಿಸಬೇಕು ಎಂಬುದಕ್ಕಿಂತ ಚಲನೆ ಮತ್ತು ಬೆಸುಗೆಗಳ ವೇಗ ಯಾವ ಪ್ರಮಾಣದಲ್ಲಿವೆ ಎಂಬುದೇ ಮುಖ್ಯ.

ತೊಡಕು ಇರುವುದು ಬೆಸುಗೆಯ ಗಟ್ಟಿತನದಲ್ಲೇ. ತಪ್ಪಿಬಿದ್ದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬಹುದು. ಒಮ್ಮೆ ಕೂಡಿದ ಇಂಗಾಲ–ಇಂಗಾಲ ಬಂಧವನ್ನು ಹಾಗೆ ಬಿಚ್ಚಲಾಗದು. ಷಟ್ಕೋನ ಬರಬೇಕಾದಲ್ಲಿ ಪಂಚಕೋನವೋ ಸಪ್ತಕೋನವೋ ಬಂದರೆ ಅದು ಹಾಗೇ ಉಳಿಯುತ್ತದೆ. ಎಲ್ಲ ಬೆಸುಗೆಗಳೂ ಹೀಗಲ್ಲ: ಬೋರೋನಿಕ್ ಆಮ್ಲದ ಅಣುಗಳು ಕೂಡುವಾಗ ನೀರು ಹೊರಬರುತ್ತದೆ, ಈ ಕ್ರಿಯೆ ಹಿಮ್ಮುಖವಾಗಿಯೂ ನಡೆಯಬಲ್ಲದು. ಒಮರ್ ಯಾಘಿ ಅವರ ತಂಡ 2005ರಲ್ಲಿ ಸಹವೇಲೆನ್ಸೀಯ ಸಾವಯವ ಚೌಕಟ್ಟುಗಳನ್ನು ಸ್ಫಟಿಕವಾಗಿ ಪಡೆದದ್ದು ಇದೇ ಗುಣದಿಂದ. ಆದರೆ ನಿರ್ವಾತದಲ್ಲಿ ಆ ನೀರು ಹುಟ್ಟಿದ ಕೂಡಲೇ ಹಾರಿಹೋಗುವುದರಿಂದ ತಿದ್ದುವ ಅವಕಾಶವೂ ಹೋಗುತ್ತದೆ. ನಿರ್ವಾತವನ್ನು ಬಿಟ್ಟು, ಮುಚ್ಚಿದ ಪಾತ್ರೆಯಲ್ಲಿ ನೀರಾವಿ ಉಳಿಸಿ ಗ್ರಾಫೈಟಿನ ಮೇಲೆ ಬಿಸಿಮಾಡಿದಾಗ ಹೆಚ್ಚು ಕ್ರಮಬದ್ಧ ಪದರಗಳು ದೊರೆತಿವೆ.

ಇನ್ನೊಂದು ಉಪಾಯವೆಂದರೆ ಬೆಸುಗೆಯನ್ನು ಹಂತಹಂತವಾಗಿ ಮಾಡುವುದು. ಇಂಗಾಲ–ಅಯೋಡಿನ್ ಬಂಧ ಇಂಗಾಲ–ಬ್ರೋಮಿನ್ ಬಂಧಕ್ಕಿಂತ ದುರ್ಬಲ. ಎರಡೂ ಇರುವ ಪಾರ್ಫಿರಿನ್ ಅಣುವನ್ನು ಚಿನ್ನದ ಮೇಲಿಟ್ಟು ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಅಯೋಡಿನ್ ಕಳಚಿ ಸರಪಳಿಗಳಾದವು, ಸುಮಾರು 250 ಡಿಗ್ರಿಯಲ್ಲಿ ಬ್ರೋಮಿನ್ ಕಳಚಿ ಸರಪಳಿಗಳು ಪಕ್ಕಪಕ್ಕ ಬೆಸೆದವು. ಈ ಫಲಿತಾಂಶ ಪ್ರಕಟವಾದದ್ದು 2012ರಲ್ಲಿ.

ಹಂತದ ಶಾಖ ಅತ್ಯಂತ ಫಲಕಾರಿಯಾದದ್ದು ಗ್ರ್ಯಾಫೀನ್ ಪಟ್ಟಿಗಳಲ್ಲಿ. ರೋಮನ್ ಫಾಸೆಲ್ ಮತ್ತು ಕ್ಲಾಸ್ ಮ್ಯೂಲನ್ ಅವರ ತಂಡಗಳು 2010ರಲ್ಲಿ ಡೈಬ್ರೋಮೊ ಬೈಆಂಥ್ರಿಲ್ ಅಣುವನ್ನು ಚಿನ್ನದ ಮೇಲೆ 200 ಡಿಗ್ರಿಯಲ್ಲಿ ಸರಪಳಿಯಾಗಿಸಿ, 400 ಡಿಗ್ರಿಯಲ್ಲಿ ಹೈಡ್ರೋಜನ್ ಕಳೆದು ಚಪ್ಪಟೆಯಾಗಿಸಿದವು. ಏಳು ಇಂಗಾಲ ಪರಮಾಣು ಅಗಲದ ಆ ಪಟ್ಟಿಯ ಅಂಚು, ಕತ್ತರಿಸಿ ಪಡೆಯುವ ಯಾವ ಪಟ್ಟಿಗೂ ಬಾರದಷ್ಟು ನಯ. 2018ರಲ್ಲಿ ಬಾರ್ಸಿಲೋನಾದ ತಂಡ ಇಂಥ ಪಟ್ಟಿಗಳನ್ನು ಇನ್ನೂ ಹೆಚ್ಚಿನ ಕಾವಿನಲ್ಲಿ ಅಡ್ಡಲಾಗಿ ಬೆಸೆದು ರಂಧ್ರಗಳುಳ್ಳ ಗ್ರ್ಯಾಫೀನ್ ಪಡೆಯಿತು. ಎರಡು ದಿಕ್ಕಿನಲ್ಲಿ ಏಕಕಾಲಕ್ಕೆ ಬೆಳೆಯುವ ಜಾಲಕ್ಕಿಂತ ಮೊದಲು ಎಳೆ, ಆಮೇಲೆ ಹಾಳೆ ಎಂಬ ಈ ಕ್ರಮವೇ ದೋಷಗಳನ್ನು ತಡೆಯುವಲ್ಲಿ ಹೆಚ್ಚು ಭರವಸೆಯದಾಗಿ ಕಾಣುತ್ತದೆ.

ಪದರ ಸಿದ್ಧವಾದ ಮೇಲೂ ಎರಡು ಕೆಲಸ ಉಳಿಯುತ್ತವೆ. ಕಳಚಿದ ಹ್ಯಾಲೊಜನ್ ಲೋಹಕ್ಕೇ ಅಂಟಿ ಬೆಳವಣಿಗೆಗೆ ಅಡ್ಡಿಯಾಗಬಹುದು. ಅದನ್ನು ಪರಮಾಣು ಹೈಡ್ರೋಜನ್ನಿನಿಂದ ತೆಗೆಯಬಹುದು. ಎರಡನೆಯದು ವಾಹಕ ಲೋಹದಿಂದ ಪದರವನ್ನು ಬಿಡಿಸುವುದು: ಲೋಹ ಕೆಳಗಿರುವಷ್ಟು ಕಾಲ ಟ್ರಾನ್ಸಿಸ್ಟರ್ ಮಾಡಲಾಗದು. ಅಭ್ರಕದ ಮೇಲಿನ ತೆಳು ಚಿನ್ನದಲ್ಲಿ ಪಟ್ಟಿ ಬೆಳೆಸಿ, ಆಮ್ಲದ ಮೇಲೆ ತೇಲಿಸಿ ಅಭ್ರಕವನ್ನು ಬೇರ್ಪಡಿಸಿ, ಉಳಿದ ಪದರವನ್ನು ಸಿಲಿಕಾನ್ ಆಕ್ಸೈಡಿನ ಮೇಲೆ ಹಾಸಿ, ಚಿನ್ನವನ್ನು ಅಯೋಡೈಡ್ ದ್ರಾವಣದಲ್ಲಿ ಕರಗಿಸುವ ರೂಢಿಯಿದೆ.