ವಿ.ಆರ್. ರಘುನಾಥ್: ಗೋಲು ಗಳಿಸಿದ ರಕ್ಷಣಾ ಆಟಗಾರ

ಭಾರತ ಹಾಕಿ ತಂಡದ ರಕ್ಷಣಾ ವಿಭಾಗವನ್ನು ಒಂದು ದಶಕಕ್ಕೂ ಹೆಚ್ಚು ಕಾಲ ಕಾಯ್ದ ಕನ್ನಡಿಗ ವಿ.ಆರ್. ರಘುನಾಥ್. ಫುಲ್‌ಬ್ಯಾಕ್ ಸ್ಥಾನದ ಈ ಆಟಗಾರ ಪೆನಾಲ್ಟಿ ಕಾರ್ನರ್ ತಜ್ಞರೂ ಹೌದು. ಎದುರಾಳಿಗಳನ್ನು ತಡೆಯುವುದರ ಜತೆಗೆ ಗೋಲು ಗಳಿಸುವ ಹೊಣೆಯೂ ಅವರ ಮೇಲಿತ್ತು.

ಕೊಡಗಿನ ಹಾತೂರಿನಲ್ಲಿ 1988ರ ನವೆಂಬರ್ 1ರಂದು ಜನಿಸಿದ ರಘುನಾಥ್, 2005ರ ಸುಲ್ತಾನ್ ಅಜ್ಲಾನ್ ಷಾ ಕಪ್ ಟೂರ್ನಿಯ ಮೂಲಕ ಅಂತಾರಾಷ್ಟ್ರೀಯ ಹಾಕಿ ಪ್ರವೇಶಿಸಿದರು. ಆಗ ಅವರಿಗೆ ಕೇವಲ 16 ವರ್ಷ. 2007ರಲ್ಲಿ ಚೆನ್ನೈನಲ್ಲಿ ಏಷ್ಯಾ ಕಪ್ ಗೆದ್ದ ತಂಡದಲ್ಲಿಯೂ ಅವರಿದ್ದರು.

ಡ್ರ್ಯಾಗ್ ಫ್ಲಿಕ್ ಅವರ ಮುಖ್ಯ ಅಸ್ತ್ರ. ಪೆನಾಲ್ಟಿ ಕಾರ್ನರ್‌ನಲ್ಲಿ ಹಿಂಬದಿ ರೇಖೆಯಿಂದ ತಳ್ಳಿದ ಚೆಂಡನ್ನು ಸಹ ಆಟಗಾರ ವೃತ್ತದ ಹೊರಗೆ ತಡೆದು ನಿಲ್ಲಿಸುತ್ತಾನೆ. ಅದನ್ನು ಸ್ಟಿಕ್‌ನಿಂದ ಎಳೆದು ಗೋಲಿನತ್ತ ಎಸೆಯುವುದೇ ಡ್ರ್ಯಾಗ್ ಫ್ಲಿಕ್. ನೇರವಾಗಿ ಬಾರಿಸಿದ ಮೊದಲ ಹೊಡೆತ ಗೋಲಿನ ಹಲಗೆಗಿಂತ ಎತ್ತರಕ್ಕೆ ಹೋಗುವಂತಿಲ್ಲ. ಫ್ಲಿಕ್‌ಗೆ ಈ ಮಿತಿ ಇಲ್ಲ. ಇದೇ ಕೌಶಲದಿಂದ ರಘುನಾಥ್ 200ಕ್ಕೂ ಹೆಚ್ಚು ಪಂದ್ಯಗಳಲ್ಲಿ ನೂರಕ್ಕೂ ಮೀರಿ ಗೋಲು ಗಳಿಸಿದರು.

ಅವರ ವೃತ್ತಿಜೀವನ ಭಾರತ ಹಾಕಿಯ ಕಷ್ಟಕಾಲದಲ್ಲಿಯೇ ಸಾಗಿತು. 1928ರ ನಂತರ ಮೊದಲ ಬಾರಿಗೆ ಭಾರತವು 2008ರ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲಿಲ್ಲ. ರಘುನಾಥ್ ಆಡಿದ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ತಂಡ ಎಲ್ಲ ಪಂದ್ಯಗಳನ್ನೂ ಸೋತು 12ನೇ ಸ್ಥಾನಕ್ಕೆ ಕುಸಿಯಿತು. ನಂತರ ನಿಧಾನವಾಗಿ ಚೇತರಿಕೆ ಕಂಡಿತು. 2014ರಲ್ಲಿ ಇಂಚೆನ್ ಏಷ್ಯನ್ ಕ್ರೀಡಾಕೂಟದ ಚಿನ್ನ, 2016ರಲ್ಲಿ ಚಾಂಪಿಯನ್ಸ್ ಟ್ರೋಫಿಯ ಬೆಳ್ಳಿ ದೊರೆತವು. 2016ರ ರಿಯೊ ಒಲಿಂಪಿಕ್ಸ್‌ನ ಮೊದಲ ಪಂದ್ಯದಲ್ಲಿ ಐರ್ಲೆಂಡ್ ವಿರುದ್ಧ 3-2ರಿಂದ ಗೆದ್ದಾಗ ಒಂದು ಗೋಲು ರಘುನಾಥ್ ಅವರದಾಗಿತ್ತು. ಆದರೆ ಕ್ವಾರ್ಟರ್ ಫೈನಲ್‌ನಲ್ಲಿ ತಂಡ ಬೆಲ್ಜಿಯಂಗೆ 1-3ರಿಂದ ಮಣಿಯಿತು. ಅದೇ ವರ್ಷ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು.

ವೃತ್ತಿಪರ ಲೀಗ್‌ನಲ್ಲಿಯೂ ಅವರು ಹೆಸರು ಮಾಡಿದರು. 2013ರಲ್ಲಿ ಆರಂಭವಾದ ಹಾಕಿ ಇಂಡಿಯಾ ಲೀಗ್‌ನಲ್ಲಿ ಉತ್ತರ ಪ್ರದೇಶ ವಿಝರ್ಡ್ಸ್ ತಂಡದ ನಾಯಕತ್ವ ವಹಿಸಿದ್ದರು.

ರಿಯೊ ತಂಡದಲ್ಲಿ ರಘುನಾಥ್ ಜತೆ ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ ಮತ್ತು ನಿಕಿನ್ ತಿಮ್ಮಯ್ಯ ಇದ್ದರು. ನಾಲ್ವರೂ ಕೊಡಗಿನವರೇ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 41 ವರ್ಷಗಳ ಬಳಿಕ ಭಾರತಕ್ಕೆ ಹಾಕಿ ಪದಕ ಒಲಿಯಿತು. ಆದರೆ ಕಂಚು ಗೆದ್ದ ಆ ತಂಡದಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇರಲಿಲ್ಲ. ಕೊಡಗಿನ ಸರದಿ ತಪ್ಪಿದಾಗ ಆ ಜಾಗ ತುಂಬಲು ರಾಜ್ಯದ ಬೇರಾವ ಜಿಲ್ಲೆಯೂ ಸಿದ್ಧವಿರಲಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಂತಹ ಊರುಗಳ ಮಕ್ಕಳ ಕೈಗೂ ಹಾಕಿ ಸ್ಟಿಕ್ ತಲುಪುವವರೆಗೆ ರಾಜ್ಯದ ಹಾಕಿ ಒಂದೇ ಜಿಲ್ಲೆಯನ್ನು ನೆಚ್ಚಿಕೊಂಡಿರಬೇಕಾಗುತ್ತದೆ. ರಘುನಾಥ್ ಅವರ ತಲೆಮಾರು ಬಿಟ್ಟುಹೋದ ಪಾಠವಿದು.