5-ಫ್ಲೂರೋಯುರಾಸಿಲ್ ಮತ್ತು ಕೆಪೆಸಿಟಬಿನ್ ಚಿಕಿತ್ಸೆ: ಡಿಪಿಡಿ ಕಿಣ್ವದ ಕುರಿತು ಸಾರ್ವಜನಿಕರಿಗೆ ಮಾಹಿತಿ

ದೊಡ್ಡ ಕರುಳು, ಗುದನಾಳ, ಜಠರ ಹಾಗೂ ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ 5-ಫ್ಲೂರೋಯುರಾಸಿಲ್ ಚುಚ್ಚುಮದ್ದನ್ನು ಮತ್ತು ಕೆಪೆಸಿಟಬಿನ್ ಮಾತ್ರೆಗಳನ್ನು ವ್ಯಾಪಕವಾಗಿ ಬಳಸಲಾಗುತ್ತಿದೆ. ದೇಹದಲ್ಲಿ ಡಿಪಿಡಿ ಎಂಬ ಕಿಣ್ವದ ಕೊರತೆಯುಳ್ಳವರಿಗೆ ಈ ಔಷಧಗಳ ಸಾಮಾನ್ಯ ಪ್ರಮಾಣವೂ ಪ್ರಾಣಾಪಾಯಕಾರಿಯಾಗಬಹುದು. ಆದ್ದರಿಂದ ಚಿಕಿತ್ಸೆ ಪಡೆಯುವವರು ಹಾಗೂ ಅವರ ಕುಟುಂಬದವರು ಈ ಕೆಳಕಂಡ ಅಂಶಗಳನ್ನು ತಿಳಿದಿರುವುದು ಅಗತ್ಯ.

1. ಔಷಧದ ಹಿನ್ನೆಲೆ

ಯುರಾಸಿಲ್ ಎಂಬುದು ಜೀವಕೋಶಗಳಲ್ಲಿ ಸಹಜವಾಗಿ ಇರುವ ವಸ್ತು. ಇಲಿಗಳ ಯಕೃತ್ತಿನ ಗಡ್ಡೆಗಳು ಇದನ್ನು ಆರೋಗ್ಯವಂತ ಅಂಗಾಂಶಕ್ಕಿಂತ ಹೆಚ್ಚಾಗಿ ಬಳಸಿಕೊಳ್ಳುತ್ತವೆ ಎಂಬುದು 1950ರ ದಶಕದಲ್ಲಿ ಕಂಡುಬಂದಿತು. ಇದನ್ನು ಆಧರಿಸಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೈಡಲ್‌ಬರ್ಗರ್ ಮತ್ತು ಸಹೋದ್ಯೋಗಿಗಳು ಯುರಾಸಿಲ್‌ನ ಒಂದು ಹೈಡ್ರೋಜನ್ ಪರಮಾಣುವಿನ ಸ್ಥಾನದಲ್ಲಿ ಫ್ಲೂರಿನ್ ಪರಮಾಣುವುಳ್ಳ ಔಷಧವನ್ನು 1957ರಲ್ಲಿ ಪ್ರಕಟಿಸಿದರು. ಇದು ಡಿಎನ್ಎ ರಚನೆಗೆ ಬೇಕಾದ ಥೈಮಿಡಿಲೇಟ್ ಸಿಂಥೇಸ್ ಕಿಣ್ವವನ್ನು ತಡೆದು, ವೇಗವಾಗಿ ವಿಭಜನೆ ಹೊಂದುವ ಜೀವಕೋಶಗಳನ್ನು ನಾಶಪಡಿಸುತ್ತದೆ.

ಕೆಪೆಸಿಟಬಿನ್ ಅದೇ ಔಷಧದ ಪೂರ್ವರೂಪವಾಗಿದ್ದು, ಅಮೆರಿಕದಲ್ಲಿ 1998ರಲ್ಲಿ ಅನುಮೋದನೆ ಪಡೆಯಿತು. ನುಂಗಿದ ಮಾತ್ರೆಯು ದೇಹದ ಕಿಣ್ವಗಳ ಮೂಲಕ ಮೂರು ಹಂತಗಳಲ್ಲಿ 5-ಫ್ಲೂರೋಯುರಾಸಿಲ್ ಆಗಿ ಪರಿವರ್ತನೆಯಾಗುತ್ತದೆ. ಕೊನೆಯ ಹಂತದ ಕಿಣ್ವವು ಅನೇಕ ಗಡ್ಡೆಗಳಲ್ಲಿ ಅಧಿಕವಾಗಿರುವುದರಿಂದ ಔಷಧವು ಅಲ್ಲಿಯೇ ಹೆಚ್ಚು ಉತ್ಪತ್ತಿಯಾಗಲೆಂಬುದು ಈ ವಿನ್ಯಾಸದ ಉದ್ದೇಶ.

2. ಡಿಪಿಡಿ ಕಿಣ್ವದ ಕಾರ್ಯ

ರಾಸಾಯನಿಕ ಕ್ರಿಯೆಯಲ್ಲಿ ಇಲೆಕ್ಟ್ರಾನುಗಳನ್ನು ಕಳೆದುಕೊಳ್ಳುವುದನ್ನು ಉತ್ಕರ್ಷಣವೆಂದೂ, ಪಡೆದುಕೊಳ್ಳುವುದನ್ನು ಅಪಕರ್ಷಣವೆಂದೂ ಕರೆಯಲಾಗುತ್ತದೆ. ಇವೆರಡೂ ಒಟ್ಟಿಗೆ ನಡೆಯುತ್ತವೆ. ಡೈಹೈಡ್ರೋಪಿರಿಮಿಡಿನ್ ಡಿಹೈಡ್ರೋಜಿನೇಸ್, ಅಂದರೆ ಡಿಪಿಡಿ, ಮುಖ್ಯವಾಗಿ ಯಕೃತ್ತಿನಲ್ಲಿರುವ ಇಂತಹ ಕಿಣ್ವ. ಇದು ಎನ್‌ಎಡಿಪಿಹೆಚ್ ಎಂಬ ಅಣುವಿನಿಂದ ಇಲೆಕ್ಟ್ರಾನುಗಳನ್ನು ಪಡೆದು ಔಷಧದ ಅಣುವಿಗೆ ವರ್ಗಾಯಿಸುತ್ತದೆ. ಔಷಧಕ್ಕೆ ಎರಡು ಹೈಡ್ರೋಜನ್ ಪರಮಾಣುಗಳು ಸೇರಿ ಅದು ನಿಷ್ಕ್ರಿಯವಾಗುತ್ತದೆ. ದೇಹ ಸೇರಿದ 5-ಫ್ಲೂರೋಯುರಾಸಿಲ್‌ನ ಶೇಕಡ 80ಕ್ಕೂ ಹೆಚ್ಚು ಭಾಗ ಹೀಗೆ ವಿಲೇವಾರಿಯಾಗುತ್ತದೆ. ವೈದ್ಯರು ನಿಗದಿಪಡಿಸುವ ಸಾಮಾನ್ಯ ಪ್ರಮಾಣವು ಈ ವಿಲೇವಾರಿಯನ್ನು ಗಣನೆಗೆ ತೆಗೆದುಕೊಂಡೇ ಇರುತ್ತದೆ. ಕಿಣ್ವವು ಕಡಿಮೆಯಿದ್ದಲ್ಲಿ ಔಷಧವು ದೇಹದಲ್ಲಿ ಉಳಿದು ಅಸ್ಥಿಮಜ್ಜೆ, ಬಾಯಿ ಹಾಗೂ ಕರುಳಿನ ಒಳಪದರಗಳಿಗೆ ತೀವ್ರ ಹಾನಿ ಮಾಡುತ್ತದೆ.

ಜಪಾನಿನಲ್ಲಿ 1993ರಲ್ಲಿ ಸೊರಿವುಡಿನ್ ಎಂಬ ವೈರಾಣು ನಿರೋಧಕ ಔಷಧವನ್ನು ಇಂತಹ ಕ್ಯಾನ್ಸರ್ ಔಷಧಗಳೊಂದಿಗೆ ಸೇವಿಸಿದ ಹಲವು ರೋಗಿಗಳು ಮೃತಪಟ್ಟರು. ಸೊರಿವುಡಿನ್‌ನಿಂದ ಕರುಳಿನಲ್ಲಿ ಉಂಟಾದ ವಸ್ತುವು ಡಿಪಿಡಿ ಕಿಣ್ವವನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸಿದ್ದೇ ಇದಕ್ಕೆ ಕಾರಣವಾಗಿತ್ತು.

3. ಕೊರತೆ ಮತ್ತು ಪರೀಕ್ಷೆ

ಈ ಕೊರತೆಯು ಡಿಪಿವೈಡಿ ಎಂಬ ವಂಶವಾಹಿಯ ಮೂಲಕ ಅನುವಂಶಿಕವಾಗಿ ಬರುತ್ತದೆ. ಕೊರತೆಯುಳ್ಳವರು ಬಹುತೇಕ ಆರೋಗ್ಯವಂತರಾಗಿಯೇ ಕಾಣುವುದರಿಂದ ಪರೀಕ್ಷೆಯಿಲ್ಲದೆ ಇದನ್ನು ಗುರುತಿಸಲಾಗದು. ಯುರೋಪಿಯನ್ ಔಷಧ ಸಂಸ್ಥೆಯು 2020ರಲ್ಲಿ ಚಿಕಿತ್ಸೆ ಆರಂಭಿಸುವ ಮುನ್ನ ಪರೀಕ್ಷೆ ಮಾಡುವಂತೆ ಶಿಫಾರಸು ಮಾಡಿತು. ರಕ್ತದಲ್ಲಿನ ಯುರಾಸಿಲ್ ಮಟ್ಟವನ್ನು ಅಳೆಯುವುದು ಹಾಗೂ ವಂಶವಾಹಿ ಪರೀಕ್ಷೆ ಎಂಬ ಎರಡು ವಿಧಾನಗಳಿವೆ. ಭಾಗಶಃ ಕೊರತೆಯಿದ್ದಲ್ಲಿ ವೈದ್ಯರು ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ. ಸಂಪೂರ್ಣ ಕೊರತೆಯಿದ್ದಲ್ಲಿ ಈ ಔಷಧಗಳನ್ನು ನೀಡತಕ್ಕದ್ದಲ್ಲ.

ಸಾಮಾನ್ಯವಾಗಿ ಪರೀಕ್ಷಿಸಲಾಗುವ ನಾಲ್ಕು ವಂಶವಾಹಿ ಮಾರ್ಪಾಡುಗಳು ಪ್ರಧಾನವಾಗಿ ಯುರೋಪಿಯನ್ ಜನರ ಅಧ್ಯಯನದಿಂದ ಗುರುತಿಸಲ್ಪಟ್ಟವು. ಆದ್ದರಿಂದ ಅವು ಕಂಡುಬಾರದಿದ್ದರೂ ಅಪಾಯವಿಲ್ಲವೆಂದು ಭಾವಿಸಬಾರದು.

4. ರೋಗಿಗಳು ಗಮನಿಸಬೇಕಾದ ಅಂಶಗಳು

ಅ) ಚಿಕಿತ್ಸೆಗೆ ಮುನ್ನ ಡಿಪಿಡಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ವಿಚಾರಿಸುವುದು. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಈ ಔಷಧದಿಂದ ತೀವ್ರ ತೊಂದರೆಯಾಗಿದ್ದಲ್ಲಿ ತಪ್ಪದೇ ತಿಳಿಸುವುದು.

ಆ) ವಾರ್ಫರಿನ್, ಫೆನಿಟಾಯಿನ್ ಹಾಗೂ ಫೋಲಿಕ್ ಆಮ್ಲವುಳ್ಳ ಮಾತ್ರೆಗಳನ್ನು ಸೇವಿಸುತ್ತಿದ್ದಲ್ಲಿ ತಿಳಿಸುವುದು. ಫೋಲಿಕ್ ಆಮ್ಲವು ಔಷಧದ ವಿಷಪರಿಣಾಮವನ್ನು ಹೆಚ್ಚಿಸಬಲ್ಲದು.

ಇ) 38 ಡಿಗ್ರಿ ಸೆಲ್ಸಿಯಸ್ (100.4 ಡಿಗ್ರಿ ಫ್ಯಾರನ್‌ಹೀಟ್) ಅಥವಾ ಹೆಚ್ಚಿನ ಜ್ವರ, ದಿನಕ್ಕೆ ವಾಡಿಕೆಗಿಂತ ನಾಲ್ಕು ಅಥವಾ ಹೆಚ್ಚು ಬಾರಿ ಭೇದಿ, ಆಹಾರ ಸೇವಿಸಲಾಗದಷ್ಟು ಬಾಯಿಹುಣ್ಣು ಅಥವಾ ಎದೆನೋವು ಕಂಡುಬಂದಲ್ಲಿ ಮಾತ್ರೆಯನ್ನು ನಿಲ್ಲಿಸಿ ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸುವುದು. ಮುಂದಿನ ಭೇಟಿಯ ದಿನದವರೆಗೆ ಕಾಯಬಾರದು.

ಈ) ಯುರಿಡಿನ್ ಟ್ರೈಅಸಿಟೇಟ್ ಎಂಬ ಪ್ರತ್ಯೌಷಧವು ಅಮೆರಿಕದಲ್ಲಿ 2015ರಲ್ಲಿ ಅನುಮೋದನೆ ಪಡೆದಿದೆ. ಕೊನೆಯ ಪ್ರಮಾಣ ಪಡೆದ 96 ಗಂಟೆಗಳ ಒಳಗೆ ಆರಂಭಗೊಳ್ಳುವ ತೀವ್ರ ಲಕ್ಷಣಗಳಿಗೆ ಅಲ್ಲಿ ಇದನ್ನು ಬಳಸಲಾಗುತ್ತದೆ. ವಿಳಂಬವು ಅಪಾಯಕಾರಿ ಎಂಬುದಕ್ಕೆ ಇದೂ ಒಂದು ಕಾರಣ.

5. ಯೋಜನೆಯಡಿ ಚಿಕಿತ್ಸೆ ಪಡೆಯುವವರಿಗೆ

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆಯುವವರು ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಭೇಟಿಮಾಡಿ, ಪರೀಕ್ಷೆಯ ವೆಚ್ಚವು ತಮಗೆ ಮಂಜೂರಾಗುವ ಪ್ಯಾಕೇಜಿನಲ್ಲಿ ಒಳಗೊಂಡಿದೆಯೇ ಎಂಬುದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು.

ವಿ.ಸೂ.: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಮೇಲೆ ತಿಳಿಸಿದ ಅಪಾಯ ಲಕ್ಷಣಗಳ ಸಂದರ್ಭವನ್ನು ಹೊರತುಪಡಿಸಿ, ವೈದ್ಯರ ಸಲಹೆಯಿಲ್ಲದೆ ಔಷಧದ ಪ್ರಮಾಣವನ್ನು ಬದಲಿಸುವುದಾಗಲಿ, ಚಿಕಿತ್ಸೆಯನ್ನು ನಿಲ್ಲಿಸುವುದಾಗಲಿ ಮಾಡಬಾರದು.